ಮಳೆಯೂ ಏರಿಯೂ

ಅರಸೀಕೆರೆಯ ಹೆಸರಿನಲ್ಲಿಯೇ ಒಂದು ಕೆರೆಯಿದೆ. ಹಳೇಬೀಡು ಹೊಯ್ಸಳರ ರಾಜಧಾನಿಯಾಗಿದ್ದಾಗ ದೋರಸಮುದ್ರವೆನಿಸಿಕೊಂಡದ್ದೂ ಕೆರೆಯಿಂದಲೇ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಈ ಸೀಮೆಯ ಒಕ್ಕಲಿಗನಿಗೆ ಒಂದು ಮಾತನ್ನು ಯಾವ ಪಂಡಿತನೂ ಕಲಿಸಬೇಕಾಗಿಲ್ಲ: ಮಳೆ ದೇವರದು, ಏರಿ ಮನುಷ್ಯನದು. ಮಳೆ ಬಾರದ ವರ್ಷ ಏರಿಯಿದ್ದೂ ವ್ಯರ್ಥ. ಏರಿಯೊಡೆದ ವರ್ಷ ಮಳೆ ಬಂದೂ ವ್ಯರ್ಥ. ಸಕಲವೂ ಈಶ್ವರಾಧೀನವಾದರೆ ಮನುಷ್ಯನ ಹೊಣೆ ಎಷ್ಟು ಎಂಬ ತೊಡಕಾದ ಪ್ರಶ್ನೆಯ ಬೀಜ ಇಲ್ಲಿಯೇ ಇದೆ.

ಬೇಲೂರಿನ ಕೇಶವನನ್ನು ಆರಾಧಿಸುವ ಶ್ರೀವೈಷ್ಣವರಿಗೆ ಈ ಪ್ರಶ್ನೆ ಹೊಸದಲ್ಲ. ಕೋತಿಯ ಮರಿ ತಾನಾಗಿ ತಾಯಿಯನ್ನು ಅಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಜೀವನು ಇವೆರಡರಲ್ಲಿ ಯಾವುದರಂತೆ ಎಂಬ ಬಗ್ಗೆ ವಡಗಲೆ ತೆಂಗಲೆಗಳ ನಡುವೆ ಶತಮಾನಗಳ ಚರ್ಚೆ ನಡೆದಿದೆ. ಕ್ರೈಸ್ತ ಜಗತ್ತಿನಲ್ಲಿಯೂ ಇದೇ ವಾದ ಬೇರೆ ವೇಷದಲ್ಲಿ ನಡೆಯಿತು. ಐದನೆಯ ಶತಮಾನದ ಮೊದಲಲ್ಲಿ ಪೆಲೇಜಿಯಸ್ ಮನುಷ್ಯನ ಸಂಕಲ್ಪಶಕ್ತಿಯನ್ನು ಎತ್ತಿ ಹಿಡಿದ; ಆಗಸ್ಟೀನ್ ದೇವರ ಕೃಪೆಯಿಲ್ಲದೆ ಆ ಸಂಕಲ್ಪವೇ ನಿಲ್ಲದೆಂದ. ಮುಂದೆ ಕ್ಯಾಲ್ವಿನ್ ದೈವನಿರ್ಣಯಕ್ಕೆ ಒತ್ತು ಕೊಟ್ಟ. ಅವನ ಮತದವರಲ್ಲಿಯೇ ಭಿನ್ನಾಭಿಪ್ರಾಯ ಹುಟ್ಟಿ, 1618–19ರಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಒಂದು ಮಹಾಸಭೆಯೇ ಸೇರಬೇಕಾಯಿತು. ರೋಮನ್ ಕ್ಯಾಥೊಲಿಕರು ಅದಕ್ಕೂ ಮೊದಲೇ, 1547ರ ಟ್ರೆಂಟ್ ಸಭೆಯ ನಿರ್ಣಯದಲ್ಲಿ, ಕೃಪೆ ಮೊದಲು ಬರುತ್ತದೆ, ಅದಕ್ಕೆ ಒಪ್ಪುವ ಅಥವಾ ಒಲ್ಲೆನೆನ್ನುವ ಸ್ವಾತಂತ್ರ್ಯ ಮನುಷ್ಯನಿಗೆ ಉಳಿದಿರುತ್ತದೆ ಎಂದು ವಿಧಿಸಿದ್ದರು.

ಇವೆಲ್ಲ ದೂರದ ದೇಶಗಳ ವಾಗ್ವಾದ ಎನಿಸಬಹುದು. ಆದರೆ ಇದೇ ಪ್ರಶ್ನೆ ನಮ್ಮ ಮೈಸೂರು ಸೀಮೆಯ ಜನರನ್ನು ಕುರಿತೇ ಒಮ್ಮೆ ಎದ್ದಿತು. ಅದನ್ನು ಎತ್ತಿದವನು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದ ಈತ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರಿಗೆ ಬಂದ. ನಮ್ಮವರಂತೆ ಉಡುಪು ತೊಟ್ಟು, ನಮ್ಮವರ ಆಹಾರಕ್ರಮವನ್ನು ಅನುಸರಿಸಿದ. ಅರಸೀಕೆರೆ, ಬೇಲೂರುಗಳಿರುವ ಈ ಹಾಸನ ಸೀಮೆಯಲ್ಲಿಯೇ, ಹಾಸನದ ಬಳಿಯ ಸಾತಳ್ಳಿಯಲ್ಲಿ, ತನ್ನ ಜನರಿಗೆ ಬೇಸಾಯದ ನೆಲೆಯೊಂದನ್ನು ಕಲ್ಪಿಸಿದ.

ಆಗ ಸಿಡುಬು ಊರೂರನ್ನೇ ಬರಿದು ಮಾಡುತ್ತಿತ್ತು. ಅದು ದೇವಿಯ ಮುನಿಸೆಂದು ಜನ ನಂಬಿದ್ದರು. ದೇವರು ಕೊಟ್ಟ ದಂಡನೆಯನ್ನು ತಡೆಯುವುದು ಸರಿಯೆ ಎಂದು ಶಂಕಿಸಿದವರು ಯುರೋಪಿನ ಕ್ರೈಸ್ತರಲ್ಲಿಯೂ ಇದ್ದರು. ದುಬ್ವಾ ಆ ಶಂಕೆಗೆ ಎಡೆಗೊಡಲಿಲ್ಲ. ಜೆನ್ನರನ ಲಸಿಕೆ ಭಾರತವನ್ನು ತಲುಪಿದ್ದು 1802ರಲ್ಲಿ. 1803–04ರಲ್ಲಿ ಈತನ ಉಸ್ತುವಾರಿಯಲ್ಲಿ 25,432 ಜನ ಅದನ್ನು ಹಾಕಿಸಿಕೊಂಡರೆಂದು ದಾಖಲೆಯಿದೆ. ಕನ್ನಡ ಜನ ಈ ಚಿಕಿತ್ಸೆಯನ್ನು ‘ದೇವಿ ಹಾಕುವುದು’ ಎಂದರು. ರೋಗಕ್ಕೂ ಅದರ ತಡೆಗೂ ಒಂದೇ ಹೆಸರು! ದೇವಿಯನ್ನು ಬಿಡದೆಯೇ ತೋಳನ್ನು ಮುಂದೆ ಚಾಚಿದ ನಮ್ಮ ಹಿರಿಯರ ವಿವೇಕ ಆ ಮಾತಿನಲ್ಲಿದೆ.

ಇದೇ ದುಬ್ವಾ, 1823ರಲ್ಲಿ ಫ್ರಾನ್ಸಿಗೆ ಮರಳಿದ ಮೇಲೆ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತನ್ನ ಪತ್ರಗಳನ್ನು ಪ್ರಕಟಿಸಿದ. ಹಿಂದೂಗಳು ಕ್ರೈಸ್ತರಾಗುವ ಕಾಲ ಕಳೆದುಹೋಯಿತು, ಮನುಷ್ಯಪ್ರಯತ್ನದಿಂದ ಅದು ಇನ್ನು ಸಾಧ್ಯವಿಲ್ಲ ಎಂಬುದು ಅವನ ತೀರ್ಮಾನ. ದೇವರೇ ಈ ಜನವನ್ನು ಕೈಬಿಟ್ಟಿರಬಹುದೆಂಬ ಧ್ವನಿಯೂ ಅದರಲ್ಲಿತ್ತು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟೆಂಟ್ ಪಾದ್ರಿಗಳು ಇದಕ್ಕೆ ಪುಸ್ತಕರೂಪದಲ್ಲಿಯೇ ಉತ್ತರ ಕೊಟ್ಟರು. ಫಲ ದೇವರ ಕೈಯಲ್ಲಿರುವುದರಿಂದಲೇ ಬಿತ್ತುವವನು ಕೈಚೆಲ್ಲಬಾರದು ಎಂಬ ನಂಬಿಕೆ ಅವರದು.

ಮತಾಂತರದ ಪ್ರಶ್ನೆ ಇಲ್ಲಿ ನಮಗೆ ಮುಖ್ಯವಲ್ಲ. ಮುಖ್ಯವಾದದ್ದು ಒಬ್ಬನೇ ಮನುಷ್ಯನಲ್ಲಿ ಕಾಣುವ ಈ ಎರಡು ನಿಲುವು. ಸಿಡುಬಿನ ಮುಂದೆ ನಿಂತಾಗ ದುಬ್ವಾ ದೇವರ ಚಿತ್ತವೇನೆಂದು ಊಹಿಸುತ್ತ ಕೂಡಲಿಲ್ಲ. ತನ್ನ ಕೈಲಾದುದನ್ನು ಮಾಡಿದ. ಒಂದು ಜನಸಮುದಾಯದ ಆತ್ಮದ ವಿಷಯ ಬಂದಾಗ ಮಾತ್ರ ದೇವರ ಕಡತವನ್ನು ತಾನು ಓದಿಬಂದವನಂತೆ ತೀರ್ಪು ಬರೆದ. ಕ್ರೈಸ್ತರ ಧರ್ಮಗ್ರಂಥವೇ ಇಂಥ ತೀರ್ಪಿಗೆ ಎಡೆಗೊಡುವುದಿಲ್ಲ. ಅಣ್ಣಂದಿರು ಮಾರಿದ ಯೋಸೇಫನ ಕಥೆ ಅಲ್ಲಿದೆ. ಕೊನೆಗೆ ಅವರು ಅವನೆದುರು ನಡುಗುತ್ತ ನಿಂತಾಗ, ತಾನು ದೇವರ ಸ್ಥಾನದಲ್ಲಿಲ್ಲವೆಂದೂ, ಅವರು ಬಗೆದ ಕೇಡನ್ನೇ ದೇವರು ಒಳ್ಳೆಯದಕ್ಕೆ ತಿರುಗಿಸಿದನೆಂದೂ ಅವನು ಹೇಳುತ್ತಾನೆ. ಕೇಡು ಕೇಡೇ, ಹೊಣೆ ಅಣ್ಣಂದಿರದೇ. ಆದರೂ ಕಥೆಯ ಕೊನೆ ಅವರ ಕೈಯಲ್ಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ದೇವರ ಚಿತ್ತವೆಂಬ ಮಾತನ್ನು ಅಲ್ಲಿ ಆಡುವವನು ನೊಂದವನು, ನೋಯಿಸಿದವರಲ್ಲ.

ದೈವೇಚ್ಛೆಯ ಮಾತಿಗೆ ಸರಿಯಾದ ಸ್ಥಳ ಇದೇ ಎಂದು ನನಗೆ ತೋರುತ್ತದೆ. ತನ್ನ ದುಃಖವನ್ನು ತಾಳಿಕೊಳ್ಳುವವನ ಬಾಯಲ್ಲಿ ಅದು ಭಕ್ತಿ. ಪರರ ದುಃಖವನ್ನು ವಿವರಿಸುವವನ ಬಾಯಲ್ಲಿ ಅದು ಕ್ರೌರ್ಯವಾಗಬಹುದು, ಕರ್ತವ್ಯದಿಂದ ನುಣುಚಿಕೊಳ್ಳುವವನ ಬಾಯಲ್ಲಿ ಬರಿಯ ನೆಪವಾಗಬಹುದು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಲಸಿಕೆ ಹಾಕುತ್ತ ಹಳ್ಳಿಹಳ್ಳಿ ಅಲೆದವರಲ್ಲಿ ಎಷ್ಟೋ ಮಂದಿ ಆಸ್ತಿಕರೇ. ಕೆರೆಯ ಏರಿಗೆ ಮಣ್ಣು ಹೊತ್ತವರೂ ಮಳೆಗಾಗಿ ಮುಗಿಲತ್ತ ಕೈಮುಗಿದವರೇ ಅಲ್ಲವೆ?