ಲೋಹದ ಲೋಟ, ಬಾಟಲಿಗಳ ಮೇಲೆ ಲೇಸರ್ ಕೆತ್ತನೆ ಘಟಕ: ಅರ್ಜಿದಾರರಿಗೆ ಮಾಹಿತಿ

ಮದುವೆ, ಗೃಹಪ್ರವೇಶಗಳಲ್ಲಿ ನೀಡುವ ಸ್ಟೀಲ್ ಲೋಟ, ಚೊಂಬುಗಳ ಮೇಲೆ ಹೆಸರು ಕೊರೆಸುವ ರೂಢಿಯು ನಮ್ಮ ಮನೆಗಳಲ್ಲಿ ಹಳೆಯದು. ಪಾತ್ರೆ ಅಂಗಡಿಗಳಲ್ಲಿ ಕೈಯಂತ್ರದಿಂದ ಚುಕ್ಕೆ ಚುಕ್ಕೆಯಾಗಿ ಮಾಡುವ ಈ ಕೆಲಸವನ್ನು ಲೇಸರ್ ಯಂತ್ರವು ಚಿತ್ರ, ಲಾಂಛನಗಳ ಸಹಿತ ಮಾಡುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗಗಳಲ್ಲಿ ಇಂತಹ ಘಟಕ ಸ್ಥಾಪಿಸಲಿಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಯಂತ್ರದ ಆಯ್ಕೆ

ಬರಿಯ ಸ್ಟೀಲಿನ ಮೇಲೆ ಗುರುತು ಮೂಡಿಸಲು ಸುಮಾರು 1064 ನ್ಯಾನೋಮೀಟರ್ ತರಂಗಾಂತರದ ಫೈಬರ್ ಲೇಸರ್ ಸೂಕ್ತ. ಕಾರ್ಬನ್ ಡೈಆಕ್ಸೈಡ್ ಲೇಸರ್ ಬಾಟಲಿಯ ಮೇಲಿನ ಬಣ್ಣದ ಲೇಪವನ್ನು ತೆಗೆಯಬಲ್ಲದು. ಆದರೆ ವಿಶೇಷ ಲೇಪನವಿಲ್ಲದೆ ಬರಿಯ ಸ್ಟೀಲಿನ ಮೇಲೆ ಗುರುತು ಮೂಡಿಸಲಾರದು. ತಾಮ್ರವು ಕಿರಣವನ್ನು ಬಹುಮಟ್ಟಿಗೆ ಪ್ರತಿಫಲಿಸುವುದರಿಂದ ಹೆಚ್ಚು ಶಕ್ತಿ ಬೇಕಾಗುತ್ತದೆ. ದುಂಡನೆಯ ವಸ್ತುಗಳಿಗೆ ತಿರುಗುವ ಹಿಡಿಕೆಯ ಸಾಧನ ಅವಶ್ಯಕ. ಸ್ಟೀಲನ್ನು ಅತಿಯಾಗಿ ಕಾಯಿಸಿದಲ್ಲಿ ಗುರುತಿನ ಜಾಗ ತುಕ್ಕು ಹಿಡಿಯಬಹುದು. ಎರಡು ಗೋಡೆಯ ಫ್ಲಾಸ್ಕಿನಲ್ಲಿ ಆಳವಾದ ಕೆತ್ತನೆಯಿಂದ ಹೊರಗೋಡೆ ತೂತಾದರೆ ನಿರ್ವಾತವೇ ಹೋಗಿ, ವಸ್ತುವು ನಿರುಪಯುಕ್ತವಾಗುತ್ತದೆ.

ಫೈಬರ್ ಲೇಸರಿನ ಕಿರಣವು ಕಣ್ಣಿಗೆ ಕಾಣಿಸದು. ಪ್ರತಿಫಲಿಸಿದ ಕಿರಣವೂ ದೃಷ್ಟಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಆದುದರಿಂದ ಅದೇ ತರಂಗಾಂತರಕ್ಕೆ ತಕ್ಕ ಕನ್ನಡಕ, ಮುಚ್ಚಿದ ಕವಚ ಹಾಗೂ ಹೊಗೆ ಹೊರಹಾಕುವ ವ್ಯವಸ್ಥೆ ಕಡ್ಡಾಯವೆಂದೇ ಭಾವಿಸತಕ್ಕದ್ದು. ಸಾಮಾನ್ಯ ಬಣ್ಣದ ಕನ್ನಡಕ ಸಾಲದು. ಪಿವಿಸಿ ಸುತ್ತಿದ ಬಾಟಲಿಗಳಿಂದ ವಿಷಕಾರಿ ಅನಿಲ ಹೊರಬರುವುದರಿಂದ ಅವುಗಳನ್ನು ಯಂತ್ರಕ್ಕೆ ಒಡ್ಡಬಾರದು.

ನೋಂದಣಿ ಮತ್ತು ಸಹಾಯಧನ

2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯು ಸಂಪೂರ್ಣ ಉಚಿತ. ಸರ್ಕಾರಿ ಶುಲ್ಕವೆಂದು ಹಣ ಕೇಳುವ ಖಾಸಗಿ ಜಾಲತಾಣಗಳ ಬಗ್ಗೆ ಎಚ್ಚರಿಕೆ ವಹಿಸುವುದು.

ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ 2022ರಲ್ಲಿ ಯೋಜನಾ ವೆಚ್ಚದ ಗರಿಷ್ಠ ಮಿತಿಯನ್ನು ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಗೆ ಏರಿಸಲಾಯಿತು. ಅದರಂತೆ ನಗರ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 15, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇ. 25 ಸಹಾಯಧನ ನಿಗದಿಯಾಗಿತ್ತು. ಈ ಅನುಮೋದನೆ 2025-26ರವರೆಗಿನದಾದ ಕಾರಣ, ಪ್ರಸ್ತುತ ಆದೇಶವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಕಾರ್ಯಕ್ರಮವು ಹೊಸ ಘಟಕಗಳಿಗೆ ಮಾತ್ರ. ಯಂತ್ರ ತಂದು ಕೆಲಸ ಆರಂಭಿಸಿ, ಆನಂತರ ಅರ್ಜಿ ಸಲ್ಲಿಸಿದವರು ಅನರ್ಹರಾಗುತ್ತಾರೆ. ಮೊದಲು ಅರ್ಜಿ, ಬ್ಯಾಂಕ್ ಮಂಜೂರಾತಿ, ನಂತರವೇ ಖರೀದಿ.

ಗ್ರಾಹಕರು ತಂದ ಲೋಟದ ಮೇಲೆ ಕೆತ್ತಿಕೊಡುವುದು ಜಿಎಸ್‌ಟಿ ಕಾಯ್ದೆಯಡಿ ಸೇವೆ. ಇದಕ್ಕೆ ನೋಂದಣಿ ಮಿತಿ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟು. ಕೇವಲ ಸರಕು ಮಾರುವವರಿಗೆ ರಾಜ್ಯದೊಳಗೆ 40 ಲಕ್ಷ. ಎರಡನ್ನೂ ಮಾಡುವವರು ಕಡಿಮೆ ಮಿತಿಯನ್ನೇ ಗಮನಿಸಬೇಕು.

ವಾಸದ ಮನೆಯಲ್ಲಿ ಆರಂಭಿಸುವವರು ಗೃಹಬಳಕೆಯ ವಿದ್ಯುತ್ ಸಂಪರ್ಕದಲ್ಲೇ ಯಂತ್ರ ನಡೆಸದೆ ಬೆಸ್ಕಾಂಗೆ ಅರ್ಜಿ ಸಲ್ಲಿಸತಕ್ಕದ್ದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಬದಲಿಗೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಉದ್ದಿಮೆ ಪರವಾನಗಿಗೆ ಆಯಾ ಪಾಲಿಕೆಯನ್ನು ಸಂಪರ್ಕಿಸುವುದು.

ವಿನ್ಯಾಸಗಳ ಬಗ್ಗೆ

ಅನ್ಯ ಸಂಸ್ಥೆಯ ಲಾಂಛನವನ್ನು ಅದರ ಅನುಮತಿಯಿಲ್ಲದೆ ಕೆತ್ತಿ ಮಾರಿದಲ್ಲಿ ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರಡಿ ಶಿಕ್ಷಾರ್ಹ. ಅಶೋಕ ಸ್ತಂಭದ ರಾಷ್ಟ್ರಲಾಂಛನಕ್ಕೆ 2005ರ ಕಾಯ್ದೆಯೂ, ಗಂಡಭೇರುಂಡವುಳ್ಳ ರಾಜ್ಯಲಾಂಛನಕ್ಕೆ 1950ರ ಕಾಯ್ದೆಯೂ ಅನ್ವಯಿಸುತ್ತವೆ. ಗ್ರಾಹಕರೇ ಚಿತ್ರ ತಂದರೆಂಬುದು ಘಟಕದವರಿಗೆ ರಕ್ಷಣೆಯಾಗದು. ಬಾಟಲಿಯ ಮೇಲಿರುವ ಐಎಸ್‌ಐ ಗುರುತನ್ನು ಅಳಿಸಬಾರದು.

ಯಂತ್ರೋಪಕರಣಗಳ ತರಬೇತಿಯ ವಿವರಗಳಿಗೆ ರಾಜಾಜಿನಗರ ಕೈಗಾರಿಕಾ ವಸಾಹತುವಿನಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ವಿಚಾರಿಸಬಹುದು.