ಹಾಲ್ ಗೋಡೆ ಮೇಲಿನ ವಿಮಾನ ಯಾರದು?

ಇವತ್ತಿನ ಕಥೆ ಶುರುವಾಗೋದು ನಾನೇ ಮಾಡಿದ ಒಂದು ತಪ್ಪಿನಿಂದ.

ನಮ್ಮ ತಾತನ ಮನೆ ಬೆಂಗಳೂರಿನ ಮುರುಗೇಶಪಾಳ್ಯದಲ್ಲಿದೆ. ತಾತ ಎಚ್‌ಎಎಲ್‌ನಲ್ಲಿ ಸ್ಟೋರ್ಸ್ ಗುಮಾಸ್ತರಾಗಿದ್ದರು. ಹಾಲ್‌ನಲ್ಲಿ ಟಿವಿ ಮೇಲಿನ ಗೋಡೆಗೆ ಒಂದು ಮುರಿದ ಮರದ ಪ್ರೊಪೆಲರ್ ನೇತುಹಾಕಿದ್ದರು. ಯಾವುದೋ ಫ್ಲೈಯಿಂಗ್ ಕ್ಲಬ್ಬಿನವರು ಬಿಸಾಕೋಕೆ ಇಟ್ಟಿದ್ದನ್ನ ಕೇಳಿ ತಂದಿದ್ರಂತೆ. ನಾವು ಹುಡುಗರು ಅದನ್ನ 'ತಾತನ ಫ್ಯಾನ್' ಅಂತಿದ್ವಿ. ತಾತ ಹೋದರು, ಅದು ಧೂಳು ಹಿಡಿದು ಅಲ್ಲೇ ಇತ್ತು. ಲಾಕ್‌ಡೌನ್ ಟೈಮಲ್ಲಿ, ಹಳೇ ವಿಮಾನದ ಭಾಗಗಳಿಂದ ಮನೆ ಅಲಂಕಾರ ಮಾಡೋ ರೀಲ್ಸ್ ನೋಡಿ ನಂಗೂ ಹುಮ್ಮಸ್ಸು ಬಂತು. ಉಪ್ಪುಕಾಗದ ತಂದು ಎರಡು ದಿನ ಉಜ್ಜಿದೆ, ಮೂರು ಕೋಟ್ ವಾರ್ನಿಶ್ ಹೊಡೆದೆ. ಫಳಫಳ ಹೊಳೀತು. ಫೋಟೋ ಹಾಕಿದೆ, ಲೈಕ್ಸೂ ಬಂತು.

ಆಮೇಲೆ ಒಬ್ಬ ಹಿರಿಯರು ಒಂದೇ ಒಂದು ಪ್ರಶ್ನೆ ಕೇಳಿದರು: "ನಡುಭಾಗದಲ್ಲಿ ಅಕ್ಷರ, ನಂಬರ್ ಒತ್ತಿರ್ತಾರಲ್ಲ, ಅದರಲ್ಲಿ ಏನಿತ್ತು?"

ಇತ್ತು. ಸವೆದು ಮಸುಕಾಗಿದ್ದರೂ ಇತ್ತು. ಅದನ್ನ ಕೊಳೆ ಅಂದ್ಕೊಂಡು ನಾನೇ ಉಜ್ಜಿ ತೆಗೆದಿದ್ದೆ.

ಆ ನಂಬರ್ ಯಾಕೆ ಮುಖ್ಯ ಅಂತ ಗೊತ್ತಾಗೋಕೆ ನೂರು ವರ್ಷ ಹಿಂದೆ ಹೋಗಬೇಕು.

1918ರ ನವೆಂಬರ್ 11. ಮೊದಲ ಮಹಾಯುದ್ಧ ನಿಂತ ದಿನ. ಅವತ್ತು ಬ್ರಿಟನ್ನಿನ ವಾಯುಪಡೆ ಹತ್ರ 22 ಸಾವಿರಕ್ಕೂ ಹೆಚ್ಚು ವಿಮಾನ ಇದ್ವು. ವಿಮಾನ ಅಂದ್ರೆ ಈಗಿನ ಥರ ಅಲ್ಲ. ಹೆಚ್ಚಿನವು ಒಬ್ಬರೋ ಇಬ್ಬರೋ ಕೂರೋ ಪುಟ್ಟ ವಿಮಾನಗಳು. ಮರದ ಚೌಕಟ್ಟು, ಮೇಲೆ ಬಿಗಿದ ಲಿನನ್ ಬಟ್ಟೆ. ಮುಂದಿನ ಪ್ರೊಪೆಲರ್ ಕೂಡ ಮರದ್ದೇ. ಮಹಾಗನಿ, ವಾಲ್‌ನಟ್ ಥರದ ಮರದ ಹಲಗೆಗಳನ್ನ ಒಂದರ ಮೇಲೊಂದು ಅಂಟಿಸಿ, ಕೆತ್ತಿ ಮಾಡ್ತಿದ್ರು. ಇಳಿಯುವಾಗ ಮೂತಿ ನೆಲಕ್ಕೆ ತಾಗಿದ್ರೆ ಸಾಕು, ಪ್ರೊಪೆಲರ್ ಚೂರು. ಹಾಗಾಗಿ ಮುರಿದ ಪ್ರೊಪೆಲರ್‌ಗೆ ಬರ ಇರಲಿಲ್ಲ.

ಅದರ ನಡುಭಾಗದಲ್ಲಿ ಎಂಜಿನ್ನಿಗೆ ಕೂರಿಸೋಕೆ ಒಂದು ದುಂಡನೆ ತೂತು. ಯಾರಿಗೋ ಹೊಳೀತು, ಇಲ್ಲಿ ಗಡಿಯಾರ ಸರಿಯಾಗಿ ಕೂರುತ್ತೆ ಅಂತ. ಎರಡೂ ಕಡೆ ರೆಕ್ಕೆ ಕೊಯ್ದು, ನಡುವೆ ಗಡಿಯಾರ ಕೂರಿಸಿ ಷೋಕೇಸ್ ಮೇಲಿಟ್ರು. ಕೊಯ್ದ ರೆಕ್ಕೆಯ ತುದಿಗಳು ಫೋಟೋ ಫ್ರೇಮ್ ಆದ್ವು. ಅಂಥ ಗಡಿಯಾರಗಳು ಇವತ್ತಿಗೂ ಹರಾಜಿಗೆ ಬರ್ತಾನೇ ಇರ್ತವೆ. ವಿಮಾನವನ್ನ ಮನೆ ಅಲಂಕಾರ ಮಾಡೋದು ಇನ್‌ಸ್ಟಾಗ್ರಾಮ್ ಕಂಡುಹಿಡಿದಿದ್ದಲ್ಲ.

ನಾನು ಬಿಕಾಂ ಓದಿದವನು, ಲೆಕ್ಕ ಹೇಳದೇ ಇರೋಕಾಗಲ್ಲ. 1920ರಲ್ಲಿ ಏರ್‌ಕ್ರಾಫ್ಟ್ ಡಿಸ್ಪೋಸಲ್ ಕಂಪನಿ ಅನ್ನೋ ಸಂಸ್ಥೆ, ಬ್ರಿಟನ್ನಿನ ಯುದ್ಧದ ಉಳಿಕೆ ವಿಮಾನಗಳನ್ನೆಲ್ಲ ಸಗಟಾಗಿ ಕೊಂಡುಕೊಳ್ತು. ಸುಮಾರು 10 ಸಾವಿರ ವಿಮಾನ, ಜೊತೆಗೆ ರಾಶಿ ರಾಶಿ ಎಂಜಿನ್. ಬೆಲೆ 10 ಲಕ್ಷ ಪೌಂಡ್, ಮುಂದಿನ ಲಾಭದಲ್ಲಿ ಸರ್ಕಾರಕ್ಕೆ ಪಾಲು. ಭಾಗಿಸಿ ನೋಡಿ, ಕೈಗೆ ಬಂದ ದುಡ್ಡು ವಿಮಾನಕ್ಕೆ 100 ಪೌಂಡ್, ಎಂಜಿನ್ ರಾಶಿ ಅದರಲ್ಲೇ ಸೇರಿ. ಅಮೆರಿಕದಲ್ಲೂ ಇದೇ ಕಥೆ. 1923ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ತನ್ನ ಮೊದಲ ವಿಮಾನ, ಯುದ್ಧದ ಉಳಿಕೆಯ ಒಂದು 'ಜೆನ್ನಿ'ಯನ್ನ ಕೊಂಡಿದ್ದು 500 ಡಾಲರಿಗೆ. ಕಾಲೇಜಲ್ಲಿ ಡೆಪ್ರಿಸಿಯೇಶನ್ ಹೇಳಿಕೊಡ್ತಾರಲ್ಲ, ಆಸ್ತಿಯ ಬೆಲೆ ಇಳಿದೂ ಇಳಿದೂ ಕೊನೆಗೆ ಗುಜರಿ ಬೆಲೆಗೆ ಬಂದು ನಿಲ್ಲುತ್ತೆ ಅಂತ. ಆದರೆ ಆ ವಿಮಾನ ಓಡಿಸಿದವನ ಹೆಸರಿಗೆ ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಈಗ ಒಂದು ಕೋಣೆಗೆ ಕರ್ಕೊಂಡು ಹೋಗ್ತೀನಿ.

ಊರು ಶ್ವೈಡ್ನಿಟ್ಸ್. ಆಗ ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನ ಶ್ವಿಡ್ನಿತ್ಸ. ಅಲ್ಲಿದ್ದಿದ್ದು ಮಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್ ಕುಟುಂಬದ ಮನೆ. 'ರೆಡ್ ಬ್ಯಾರನ್' ಅಂದ್ರೆ ನಿಮಗೆ ಗೊತ್ತಾಗುತ್ತೆ. 80 ವಿಮಾನ ಹೊಡೆದುರುಳಿಸಿದ ಪೈಲಟ್. ಆ ಮನೆಯ ಕೋಣೆಯ ಫೋಟೋ ಉಳಿದಿದೆ. ಗೋಡೆ ತುಂಬ ದೊಡ್ಡ ದೊಡ್ಡ ಅಂಕಿಗಳು. ಬಿದ್ದ ವಿಮಾನಗಳ ಬಟ್ಟೆಯಿಂದ ಕತ್ತರಿಸಿ ತಂದ ಸೀರಿಯಲ್ ನಂಬರ್‌ಗಳು ಅವು. ಮೇಲೆ ತೂಗುದೀಪ, ಅದು ವಿಮಾನದ ಎಂಜಿನ್ನಿಂದ ಮಾಡಿದ್ದು, ಸಿಲಿಂಡರ್‌ಗಳಲ್ಲಿ ಬಲ್ಬ್. ನೋಡಿದ ತಕ್ಷಣ ನನಗೆ ನಿಜವಾಗ್ಲೂ 'ಏನ್ ಸಖತ್ತಾಗಿದೆ' ಅನ್ನಿಸ್ತು.

ಆಮೇಲೆ ಆ ನಂಬರ್‌ಗಳಲ್ಲಿ ಒಂದನ್ನ ಹಿಡ್ಕೊಂಡು ಹೋದೆ. 5964. ಅದು ಡಿಎಚ್2 ಅನ್ನೋ, ಒಬ್ಬರೇ ಕೂರೋ ವಿಮಾನದ್ದು. ಅದನ್ನ ಓಡಿಸ್ತಿದ್ದಿದ್ದು ಮೇಜರ್ ಲನೋ ಹಾಕರ್, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದವನು. 1916ರ ನವೆಂಬರ್ 23ರಂದು ಇಬ್ಬರೂ ಫ್ರಾನ್ಸಿನ ಆಕಾಶದಲ್ಲಿ ಒಬ್ಬರನ್ನೊಬ್ಬರು ಸುತ್ತಿ ಸುತ್ತಿ ತುಂಬ ಹೊತ್ತು ಹೋರಾಡಿದರು. ಹಾಕರ್ ಸತ್ತ. ಅವನಿಗೆ 25, ಹೊಡೆದವನಿಗೆ 24. ಇಬ್ಬರೂ ನನಗಿಂತ ಚಿಕ್ಕವರು. ಬಿದ್ದ ಜಾಗದ ಹತ್ತಿರವೇ ಹೂತರು, ಆಮೇಲೆ ಯುದ್ಧದಲ್ಲಿ ಆ ಸಮಾಧಿಯೂ ಕಳೆದುಹೋಯ್ತು. ಅವನ ಹೆಸರು ಫ್ರಾನ್ಸಿನ ಅರಾಸ್‌ನ ಸ್ಮಾರಕದ ಕಲ್ಲಲ್ಲಿದೆ. ಅವನ ಮೆಷಿನ್ ಗನ್ನನ್ನ ರಿಕ್ಟ್‌ಹೋಫೆನ್ ತನ್ನ ಬಾಗಿಲ ಮೇಲೆ ನೇತುಹಾಕಿಕೊಂಡ.

ಹಾಗಂತ ಅವನೊಬ್ಬ ರಾಕ್ಷಸ ಅಂದುಬಿಡೋದು ಸುಲಭ. ಆದರೆ ಅವನ ಹೆಸರಲ್ಲಿ ಉಳಿದಿರೋ ಒಂದು ಬರಹ ಇದೆ. ಯುದ್ಧಭೂಮಿಯ ಬಂಕರಿನಲ್ಲಿ ಮಲಗಿ, ನಿದ್ದೆ ಬರದೆ, ಮೇಲಿರೋ ಎಂಜಿನ್ ದೀಪವನ್ನ ನೋಡ್ತಾ ಅದು ಭಯ ಹುಟ್ಟಿಸೋ ಥರ ಕಾಣುತ್ತೆ ಅಂತಾನೆ. ಪ್ರತಿ ಕಾದಾಟದ ನಂತರ ಮನಸ್ಸು ಕುಗ್ಗಿ, ಯಾರ ಮುಖವೂ ನೋಡೋಕೆ ಇಷ್ಟ ಆಗಲ್ಲ ಅಂತಾನೂ ಹೇಳ್ಕೋತಾನೆ. ತಾನೇ ಮಾಡಿಸಿಕೊಂಡ ದೀಪ ತನಗೇ ನಿದ್ದೆ ಕೊಡಲಿಲ್ಲ.

1918ರ ಏಪ್ರಿಲ್ 21ರಂದು ಅವನೂ ಬಿದ್ದ. ವಿಮಾನ ಇಳಿದ ಜಾಗ ಆಸ್ಟ್ರೇಲಿಯಾ ಸೈನಿಕರ ಹಿಡಿತದಲ್ಲಿತ್ತು. ನೋಡ್ತಾ ನೋಡ್ತಾ ಅವನ ಕೆಂಪು ಫೊಕ್ಕರ್‌ನ ಬಟ್ಟೆ, ಮರ, ಕೈಗೆ ಸಿಕ್ಕಿದ್ದೆಲ್ಲ ನೆನಪಿಗೆ ಅಂತ ಕಿತ್ತುಕೊಂಡು ಹೋದರು. ಊರವರ ಗೋಡೆ ತುಂಬಿಸಿಕೊಂಡವನ ವಿಮಾನ ಊರವರ ಗೋಡೆಗೆ ಹೋಯ್ತು. ಎಂಜಿನ್ ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಕಂಟ್ರೋಲ್ ಸ್ಟಿಕ್ ಕ್ಯಾನ್‌ಬೆರಾದಲ್ಲಿ, ಸೀಟು ಟೊರಾಂಟೊದಲ್ಲಿ. ಅವನ ತಾಯಿ ಮನೆಯ ಕೋಣೆಗಳನ್ನ 1933ರಲ್ಲಿ ಮ್ಯೂಸಿಯಂ ಮಾಡಿದರು. ಇನ್ನೊಂದು ಯುದ್ಧದ ಕೊನೆಗೆ, 1945ರಲ್ಲಿ, ಸೋವಿಯತ್ ಸೈನ್ಯ ಬಂದ ಕಾಲಕ್ಕೆ ಅದೆಲ್ಲ ಚದುರಿಹೋಯ್ತು.

ಆದರೂ ಇವತ್ತು 5964 ಅಂದ್ರೆ ಹಾಕರ್ ಅಂತ ನಾನು ನಿಮಗೆ ಹೇಳಬಲ್ಲೆ. ಕಾರಣ ಇಷ್ಟೇ, ನಂಬರ್ ಉಳೀತು, ಫೋಟೋ ಉಳೀತು, ಯಾರೋ ಬರೆದಿಟ್ರು.

ಮುರುಗೇಶಪಾಳ್ಯಕ್ಕೆ ವಾಪಸ್ ಬರೋಣ. ಮರದ ಪ್ರೊಪೆಲರ್ ಮೇಲೆ ಸಾಮಾನ್ಯವಾಗಿ ಅದರ ವ್ಯಾಸ, ಪಿಚ್, ಡ್ರಾಯಿಂಗ್ ನಂಬರ್, ಯಾವ ಎಂಜಿನ್ನಿಗೆ ಅನ್ನೋದನ್ನ ಒತ್ತಿರ್ತಾರೆ. ಅಷ್ಟಿದ್ರೆ ಯಾವ ಥರದ ವಿಮಾನ ಅಂತ ಹುಡುಕಬಹುದು. ನಮ್ಮಮ್ಮ ಅದು ಟೈಗರ್ ಮಾತ್‌ದು ಅಂತಾರೆ. ಸೋದರಮಾವ 'ಅಲ್ಲ ಕಣೋ, ಪುಷ್ಪಕ್‌ದು' ಅಂತಾರೆ. ಪುಷ್ಪಕ್ ಅಂದ್ರೆ ಎಚ್‌ಎಎಲ್ ನಮ್ಮ ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತಲೇ ಮಾಡಿದ, ಇಬ್ಬರು ಕೂರೋ ಪುಟ್ಟ ವಿಮಾನ. 1958ರಲ್ಲಿ ಮೊದಲು ಹಾರಿದ್ದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ, ಹದಿನೆಂಟು ವರ್ಷದಲ್ಲಿ ಅಲ್ಲಿಗೆ ಬಂದಿತ್ತು. ಅದೇ ಊರಲ್ಲಿ, ಅದೇ ಕಾರ್ಖಾನೆಯಲ್ಲಿ ತಾತ ದುಡಿದದ್ದು. ಆ ಪ್ರೊಪೆಲರ್ ಹಿಂದೆ ಕೂತು ಯಾರೋ ಮೊದಲ ಸಲ ಒಬ್ಬರೇ ಹಾರಿರಬಹುದು. ಅಮ್ಮ ಸರಿಯೋ ಮಾವ ಸರಿಯೋ ಹೇಳೋಕೆ ಒಂದೇ ಒಂದು ಸಾಕ್ಷಿ ಇತ್ತು. ಅದನ್ನ ನಾನು ಉಪ್ಪುಕಾಗದದಲ್ಲಿ ಉಜ್ಜಿ ಗುಡಿಸಿ ಹಾಕಿದೆ.

ಹಳೇ ವಿಮಾನದ ರೆಕ್ಕೆಯನ್ನ ಟೇಬಲ್ ಮಾಡಬೇಡಿ ಅಂತ ನಾನು ಹೇಳಲ್ಲ. ಗುಜರಿಗೆ ಹೋಗಿ ಕರಗೋದಕ್ಕಿಂತ ಒಂದು ಮನೆಯಲ್ಲಿ ಇರೋದು ಎಷ್ಟೋ ವಾಸಿ. ಕೇಳ್ಕೊಳ್ಳೋದು ಇಷ್ಟೇ. ಉಜ್ಜೋಕೆ ಮೊದಲು, ಬಣ್ಣ ಹೊಡೆಯೋಕೆ ಮೊದಲು ಪ್ರತಿ ನಂಬರಿನ ಫೋಟೋ ತೆಗೀರಿ. ಸಾಧ್ಯವಾದ್ರೆ ಉಜ್ಜಲೇಬೇಡಿ. ಮನೆಯಲ್ಲಿ ಹಿರಿಯರಿದ್ರೆ ಇವತ್ತು ರಾತ್ರಿನೇ ಕೇಳಿ, ಇದು ಎಲ್ಲಿಂದ ಬಂತು, ಯಾರು ಕೊಟ್ರು ಅಂತ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ವಿಮಾನಾನೇ ಆಗಬೇಕಿಲ್ಲ, ಅಜ್ಜಿಯ ಹೊಲಿಗೆ ಮಷೀನೂ ಆಗಬಹುದು.

ನಮ್ಮ ಪ್ರೊಪೆಲರ್ ಈಗಲೂ ಟಿವಿ ಮೇಲೇ ಇದೆ. ಅದರ ಹಿಂಬದಿಗೆ ಒಂದು ಚೀಟಿ ಅಂಟಿಸಿದ್ದೀನಿ. ತಾತನ ಹೆಸರು, ಅವರ ಕೆಲಸ, ಅಮ್ಮ ಹೇಳಿದ್ದು, ಮಾವ ಹೇಳಿದ್ದು. ಕೊನೇ ಸಾಲಲ್ಲಿ, ನಂಬರ್ ಅಳಿಸಿದ್ದು ನಾನು ಅಂತಾನೂ ಬರೆದಿದ್ದೀನಿ.