ಕಳೆದುಹೋಗದ ಪದ

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಮರಳಿದ ಹಿರಿಯರೊಬ್ಬರು ಜಗುಲಿಯ ಮೇಲೆ ಕುಳಿತಿದ್ದಾರೆ. ಎದುರಿಗಿರುವ ಚೊಂಬನ್ನು ತೋರಿಸುತ್ತಾರೆ, ನೀರು ಕುಡಿಯುವಂತೆ ಸನ್ನೆಯನ್ನೂ ಮಾಡುತ್ತಾರೆ; ‘ಚೊಂಬು’ ಎಂಬ ಪದ ಮಾತ್ರ ಬಾಯಿಗೆ ಬಾರದು. ‘ಅದು... ಅದು...’ ಎಂದು ತಡವರಿಸಿ ಕಣ್ಣು ತುಂಬಿಕೊಳ್ಳುತ್ತಾರೆ. ‘ಮಾವನಿಗೆ ಬುದ್ಧಿ ಮಂಕಾಯಿತು’ ಎಂದು ಮನೆಯವರು ಅವರೆದುರಿಗೇ ಮಾತಾಡಿಕೊಳ್ಳುತ್ತಾರೆ. ಸರಗೂರಿನಲ್ಲಾಗಲಿ, ಸುತ್ತಲಿನ ಹಳ್ಳಿಗಳಲ್ಲಾಗಲಿ ಇಂತಹ ದೃಶ್ಯ ಅಪರೂಪವಲ್ಲ. ವೈದ್ಯರು ಇದನ್ನು ‘ಅಫೇಸಿಯಾ’ ಎನ್ನುತ್ತಾರೆ. ಇಲ್ಲಿ ಕೆಟ್ಟಿರುವುದು ಬುದ್ಧಿಯಲ್ಲ, ಪದದ ಬಳಿಗೆ ಹೋಗುವ ದಾರಿ. ಈ ತಿಳಿವಳಿಕೆಗೆ ಬರಲು ಮನುಕುಲಕ್ಕೆ ಶತಮಾನಗಳೇ ಬೇಕಾದವು.

1683ರಲ್ಲಿ ಜರ್ಮನ್ ವೈದ್ಯ ಪೀಟರ್ ರೊಮ್ಮೆಲ್ ಒಬ್ಬ ಮಹಿಳೆಯ ಸಂಗತಿಯನ್ನು ದಾಖಲಿಸಿದರು. ಒಂದೆರಡು ಸಣ್ಣ ಪದಗಳ ಹೊರತು ಆಕೆಗೆ ಮಾತೇ ಉಳಿದಿರಲಿಲ್ಲ. ಆದರೆ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ವಿಶ್ವಾಸ ಸಂಗ್ರಹವನ್ನೂ ರೂಢಿಯ ಕ್ರಮದಲ್ಲಿ ಪೂರ್ತಿಯಾಗಿ ಹೇಳುತ್ತಿದ್ದಳು. ಕ್ರಮ ತಪ್ಪಿಸಿ ಕೇಳಿದರೆ ತಡವರಿಸುತ್ತಿದ್ದಳು. ಬಾಲ್ಯದಿಂದ ನಾಲಿಗೆಗೆ ರೂಢಿಯಾದ ಮಾತು ಒಂದು ದಾರಿಯಲ್ಲಿ ಬರುತ್ತದೆ, ಬೇಕಾದಾಗ ಹುಡುಕಿ ಆಡುವ ಪದ ಇನ್ನೊಂದು ದಾರಿಯಲ್ಲಿ ಬರುತ್ತದೆ ಎಂಬುದಕ್ಕೆ ಇದೊಂದು ಪ್ರಾಚೀನ ಸಾಕ್ಷ್ಯ. ಮಾತಿಲ್ಲದ ಅಜ್ಜಿ ಜಪಸರ ಹಿಡಿದು ತಪ್ಪಿಲ್ಲದೆ ಪ್ರಾರ್ಥಿಸುವುದನ್ನು ಕಂಡವರಿಗೆ ಇದರ ಅರ್ಥ ಆಗುತ್ತದೆ.

1861ರಲ್ಲಿ ಫ್ರಾನ್ಸಿನ ಪಾಲ್ ಬ್ರೋಕಾ, ‘ತಾನ್’ ಎಂಬುದನ್ನು ಬಿಟ್ಟು ಬಹುಮಟ್ಟಿಗೆ ಬೇರೇನೂ ಹೇಳಲಾಗದಿದ್ದ ಲೆಬೋರ್ನ್ ಎಂಬ ರೋಗಿಯ ಮರಣಾನಂತರ ಮೆದುಳನ್ನು ಪರೀಕ್ಷಿಸಿ, ಎಡಭಾಗದ ಮುಂದಿನ ಹಾಲೆಯಲ್ಲಿ ಗಾಯವನ್ನು ಕಂಡರು. ಕಾರಣವೇನೋ ತಿಳಿಯಿತು, ಪರಿಹಾರ ತಿಳಿಯಲಿಲ್ಲ. ಚಿಕಿತ್ಸೆಗೆ ಒತ್ತಾಯ ಹುಟ್ಟಿದ್ದು ಯುದ್ಧಗಳಿಂದ. ತಲೆಗೆ ಪೆಟ್ಟು ಬಿದ್ದು ಮಾತು ಕಳೆದುಕೊಂಡ ತರುಣ ಸೈನಿಕರಿಗಾಗಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾಂಕ್‌ಫರ್ಟಿನ ಕುರ್ಟ್ ಗೋಲ್ಡ್‌ಸ್ಟೈನ್, ಎರಡನೆಯದರಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಲೂರಿಯಾ ದುಡಿದರು.

ಈ ವಿದ್ಯೆ ನಮ್ಮ ಜಿಲ್ಲೆಗೆ ಬಂದದ್ದು 1965ರಲ್ಲಿ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಆರಂಭವಾದಾಗ. ಮಾನಸಗಂಗೋತ್ರಿಯ ಈ ಸಂಸ್ಥೆಗೂ ಸರಗೂರಿಗೂ ಸುಮಾರು 50 ಕಿಲೋಮೀಟರು. ಆದರೆ ಇಂಗ್ಲಿಷ್ ಪರೀಕ್ಷೆಗಳನ್ನು ಭಾಷಾಂತರಿಸಿದ ಮಾತ್ರಕ್ಕೆ ಕನ್ನಡಿಗರ ಕೊರತೆ ತಿಳಿಯದು. ವಿಭಕ್ತಿ ಪ್ರತ್ಯಯಗಳೂ ಕ್ರಿಯಾಪದದ ರೂಪಗಳೂ ನಮ್ಮ ನುಡಿಯವೇ ಆಗಿವೆ. 1980ರಲ್ಲಿ ಪ್ರತಿಭಾ ಕಾರಂತರು ಭಾಷಾ ಪರೀಕ್ಷೆಯೊಂದನ್ನು ರೂಪಿಸಿದರು. 2008ರಲ್ಲಿ ಶ್ಯಾಮಲಾ ಚೆಂಗಪ್ಪ ಮತ್ತು ಅವರ ಸಹಲೇಖಕರು, ವೆಸ್ಟರ್ನ್ ಅಫೇಸಿಯಾ ಪರೀಕ್ಷೆಯ ಕನ್ನಡ ರೂಪಕ್ಕೆ ಸಂಬಂಧಿಸಿದ ಅಂಕಿಅಂಶಗಳನ್ನು ಪ್ರಕಟಿಸಿದರು.

ಪದ ಹುಡುಕುವ ಚಿಕಿತ್ಸೆಯ ರೀತಿ ಸರಳವಾದರೂ ತಾಳ್ಮೆಯದು. ಚಿಕಿತ್ಸಕರು ಚೊಂಬಿನ ಚಿತ್ರ ತೋರಿಸಿ ಕಾಯುತ್ತಾರೆ. ಪದ ಬಾರದಿದ್ದರೆ ಅದರ ಉಪಯೋಗವೇನು, ಮನೆಯಲ್ಲಿ ಎಲ್ಲಿರುತ್ತದೆ, ಯಾವುದರಿಂದ ಮಾಡಿದ್ದು ಎಂದು ಕೇಳುತ್ತಾರೆ. ಅರ್ಥದ ಸುತ್ತ ನಡೆದಾಡಿದಷ್ಟೂ ಪದ ಹತ್ತಿರವಾಗುತ್ತದೆ. ಆಮೇಲೆ ‘ನೀರು ತುಂಬಿದ...’ ಎಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಅದೂ ಸಾಲದಿದ್ದರೆ ‘ಚೊಂ...’ ಎಂದು ಮೊದಲಕ್ಷರದ ಆಸರೆ ಕೊಡುತ್ತಾರೆ. ಪದ ಬಂದ ಮೇಲೆ ಈ ಆಸರೆಗಳನ್ನು ಒಂದೊಂದಾಗಿ ಹಿಂತೆಗೆಯುತ್ತಾರೆ. 1973ರಲ್ಲಿ ಬೋಸ್ಟನ್ನಿನ ತಜ್ಞರು ರಾಗದ ನೆರವಿನಿಂದ ಮಾತು ಕಲಿಸುವ ಕ್ರಮವನ್ನೂ ಪ್ರಕಟಿಸಿದರು. 57 ಅಧ್ಯಯನಗಳನ್ನು ಪರಿಶೀಲಿಸಿದ 2016ರ ಕಾಕ್ರೇನ್ ಸಮೀಕ್ಷೆಯು, ವಾಕ್ ಚಿಕಿತ್ಸೆಯಿಂದ ದಿನಬಳಕೆಯ ಸಂವಹನಕ್ಕೆ ಪ್ರಯೋಜನವಿದೆ ಎಂದು ಕಂಡುಕೊಂಡಿತು. ಚೇತರಿಕೆ ಮೊದಲ ತಿಂಗಳುಗಳಲ್ಲಿ ಹೆಚ್ಚು. ವರ್ಷಗಳ ನಂತರವೂ ಸುಧಾರಣೆ ಸಾಧ್ಯ.

ಬೇಸಾಯ, ಕೂಲಿ, ಬಸ್ಸಿನ ಖರ್ಚುಗಳ ನಡುವೆ ವಾರಕ್ಕೊಮ್ಮೆ ಮೈಸೂರಿಗೆ ಹೋಗಿಬರುವುದು ಸುಲಭವಲ್ಲ ಎಂಬುದು ನಿಜ. ಆದುದರಿಂದಲೇ, ಚಿಕಿತ್ಸಕರಿಂದ ಕಲಿತುಬಂದದ್ದನ್ನು ಮನೆಯವರು ದಿನವೂ ಮುಂದುವರಿಸಬೇಕಾಗುತ್ತದೆ. ಟಿ.ವಿ. ಆರಿಸಿ, ಎದುರು ಕುಳಿತು, ಚಿಕ್ಕ ವಾಕ್ಯಗಳಲ್ಲಿ ಮಾತಾಡಬೇಕು. ‘ಹೌದು’, ‘ಅಲ್ಲ’ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಬೇಕು. ತಪ್ಪು ಪದ ಬಂದರೆ ನಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಹುಡುಕುತ್ತಿರುವ ಪದವನ್ನು ನಾವು ಅವಸರದಿಂದ ಹೇಳಿಬಿಡದೆ ಕೊಂಚ ಕಾಯಬೇಕು.

ಜಗುಲಿಯ ಮೇಲಿನ ಆ ಹಿರಿಯರಿಗೆ ನಮ್ಮ ಮಾತುಗಳು ಕೇಳಿಸುತ್ತಿವೆ. ಎಷ್ಟೋ ಬಾರಿ ಅರ್ಥವೂ ಆಗುತ್ತಿವೆ. ‘ಮಾವ, ನಿಧಾನವಾಗಿ ಹೇಳಿ, ನಾನಿಲ್ಲೇ ಇದ್ದೇನೆ’ ಎಂದು ಸೊಸೆ ಪಕ್ಕದಲ್ಲಿ ಕುಳಿತರೆ, ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.